1966ರ ಎಂಜಿಬಿ ತೆರೆದ ಕಾರನ್ನು ಶಿವಮೊಗ್ಗದಲ್ಲಿ ದಿನಬಳಕೆಗೆ ಇಟ್ಟುಕೊಳ್ಳಬಹುದೇ?

ಮಂಡಗದ್ದೆ ದಾರಿಹೋಕ

ಎಲ್ಲರಿಗೂ ನಮಸ್ಕಾರ. ಕೊಪ್ಪದ ಬಳಿ ಕಾಫಿ ತೋಟ ಮಾಡಿಕೊಂಡಿದ್ದ ನನ್ನ ಸೋದರಮಾವನವರು ಕಳೆದ ವರ್ಷ ತೀರಿಕೊಂಡರು. ಅವರ ಕೊಟ್ಟಿಗೆಯಲ್ಲಿ ಹನ್ನೊಂದು ವರ್ಷದಿಂದ ಟಾರ್ಪಾಲಿನ ಕೆಳಗೆ ನಿಂತಿದ್ದ 1966ರ ಎಂಜಿಬಿ ರೋಡ್‌ಸ್ಟರ್ (ಬ್ರಿಟನ್ನಿನ ಎಂಜಿ ಕಂಪನಿಯ ತೆರೆದ ಕಾರು) ಈಗ ನನ್ನ ಪಾಲಿಗೆ ಬಂದಿದೆ. ಎರಡೇ ಸೀಟು, ಬಟ್ಟೆಯ ಹುಡ್, ತಂತಿಕಡ್ಡಿಯ ಚಕ್ರಗಳು, 1798 ಸಿಸಿ ಎಂಜಿನ್, ಪೆಟ್ರೋಲಿಗೆ ಗಾಳಿ ಬೆರೆಸಿಕೊಡುವ ಎಸ್‌ಯು ಕಂಪನಿಯ ಎರಡು ಕಾರ್ಬುರೇಟರ್. ಪ್ಲಗ್ಗಿನ ತೂತುಗಳಲ್ಲಿ ಎಣ್ಣೆ ಬಿಟ್ಟು, ಎರಡು ದಿನ ಬಿಟ್ಟು ಕೈಯಿಂದ ತಿರುಗಿಸಿದಾಗ ಎಂಜಿನ್ ಸಲೀಸಾಗಿ ತಿರುಗಿತು. ಹೊಸ ಬ್ಯಾಟರಿ ಹಾಕಿ, ಪೆಟ್ರೋಲ್ ಟ್ಯಾಂಕ್ ತೊಳೆಸಿದ ಮೇಲೆ ಮೂರನೆಯ ಸೆಲ್ಫ್ ಸ್ಟಾರ್ಟಿಗೆ ಹೊತ್ತಿಕೊಂಡಿತು. ತೋಟದ ದಾರಿಯಲ್ಲಿ ಎರಡು ಸುತ್ತು ಹೋಗಿ ಬಂದೆ. ಆವತ್ತಿನಿಂದ ತಲೆಯಲ್ಲಿ ಬೇರೆ ಯೋಚನೆಯೇ ಇಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ನಮ್ಮ ಮನೆ ವಿನೋಬನಗರದಲ್ಲಿದೆ, ಕೆಲಸ ತೀರ್ಥಹಳ್ಳಿಯಲ್ಲಿ. ವಾರಕ್ಕೆ ನಾಲ್ಕು ದಿನ ಗಾಜನೂರು, ಸಕ್ರೆಬೈಲು, ಮಂಡಗದ್ದೆಯ ಮೇಲೆ ಹೋಗಿಬರಲು ದಿನಕ್ಕೆ ಸುಮಾರು 120 ಕಿ.ಮೀ. ಆಗುತ್ತದೆ. ನನ್ನಲ್ಲಿ ಈಗಾಗಲೇ ಒಂದು ಸಾಧಾರಣ ಸಣ್ಣ ಕಾರಿದ್ದು, ಮನೆಯ ಆವರಣದಲ್ಲಿ ಜಾಗವಿರುವುದು ಒಂದೇ ವಾಹನಕ್ಕೆ. ಆದ್ದರಿಂದ ಅದನ್ನು ಮಾರಿ, ಎಂಜಿಬಿಯೊಂದನ್ನೇ ವರ್ಷವಿಡೀ ಓಡಿಸುವ ಆಸೆ ಹುಟ್ಟಿದೆ. ನವೆಂಬರಿನಲ್ಲಿ ಹುಡ್ ಮಡಚಿಕೊಂಡು, ತುಂಗೆಯ ಪಕ್ಕದಲ್ಲಿ, ಅಡಿಕೆ ಬೇಯಿಸುವ ಚೊಗರಿನ ವಾಸನೆ ಮೂಗಿಗೆ ಬಡಿಯುತ್ತಿರುವಾಗ ಆ ರಸ್ತೆಯಲ್ಲಿ ಹೋಗುವುದನ್ನು ಕಲ್ಪಿಸಿಕೊಂಡರೆ ಯಾರಿಗೂ ಇಂಥ ಆಸೆ ಹುಟ್ಟೀತು. ನನ್ನ ಮನೆಯವರು ಮಾತ್ರ ಜುಲೈ ತಿಂಗಳನ್ನು ನೆನಪಿಸುತ್ತಿದ್ದಾರೆ. ಅರವತ್ತು ವರ್ಷದ ಕಾರು ಇಂಥ ಓಡಾಟವನ್ನು ತಡೆದೀತೇ, ನಮ್ಮ ಊರಿನಲ್ಲಿ ಇದನ್ನು ಮುಟ್ಟಬಲ್ಲ ಮೇಸ್ತ್ರಿಗಳು ಸಿಗುವರೇ, ಕಾಗದಪತ್ರದ ವಿಷಯದಲ್ಲಿ ಏನು ಮಾಡಬೇಕು ಎಂಬುದನ್ನು ಅನುಭವಸ್ಥರು ತಿಳಿಸಿದರೆ ಉಪಕಾರವಾಗುತ್ತದೆ. ಕಾರು ಮೈಸೂರು ರಾಜ್ಯವಿದ್ದಾಗಿನ ನೋಂದಣಿಯಲ್ಲಿಯೇ ಇದೆ. ಊರ್ಜಿತದ ಅವಧಿ ಮುಗಿದು ವರ್ಷಗಳಾಗಿವೆ. ಇಂಥ ಕಾರುಗಳಿಗೆ ಈಗ ‘ವಿಂಟೇಜ್’ ನೋಂದಣಿ ಸಿಗುತ್ತದೆಂದು ಒಬ್ಬರು ಹೇಳಿದರು. ಅದನ್ನೇ ಮಾಡಿಸಲೇ?

ಹಳೇ ನಂಬರ್ ಪ್ಲೇಟು

ಕಾಗದಪತ್ರದ ಮಟ್ಟಿಗೆ ನಾನು ಉತ್ತರಿಸುತ್ತೇನೆ. ದಿನಬಳಕೆಯ ಉದ್ದೇಶವಿದ್ದರೆ ದಯವಿಟ್ಟು ವಿಂಟೇಜ್ ನೋಂದಣಿಗೆ ಹೋಗಬೇಡಿ. 2021ರ ಜುಲೈಯಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ತಂದ ತಿದ್ದುಪಡಿಯ ಪ್ರಕಾರ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲರೂಪ ಕೆಡದ ಸ್ವಂತ ಬಳಕೆಯ ವಾಹನಕ್ಕೆ ಈ ನೋಂದಣಿ ದೊರೆಯುತ್ತದೆ. ಹೊಸದಾಗಿ ನೋಂದಾಯಿಸಲು 20,000 ರೂಪಾಯಿ, ಅವಧಿ 10 ವರ್ಷ, ಸಂಖ್ಯಾಫಲಕದಲ್ಲಿ ರಾಜ್ಯದ ಸಂಕೇತದ ನಂತರ ‘ವಿಎ’ ಎಂಬ ಅಕ್ಷರಗಳು ಬರುತ್ತವೆ. ನೋಡಲು ಗೌರವದ ಫಲಕವೇ ಹೌದು. ಆದರೆ ಹಾಗೆ ನೋಂದಣಿಯಾದ ವಾಹನವನ್ನು ಪ್ರದರ್ಶನ, ತಾಂತ್ರಿಕ ಸಂಶೋಧನೆ, ವಿಂಟೇಜ್ ರ‍್ಯಾಲಿ, ಇಂಧನ ತುಂಬಿಸುವುದು, ದುರಸ್ತಿ ಇಷ್ಟಕ್ಕೆ ಮಾತ್ರ ರಸ್ತೆಗೆ ತರಬಹುದು. ನಿತ್ಯದ ಓಡಾಟವನ್ನು ನಿಯಮವೇ ನಿಷೇಧಿಸುತ್ತದೆ. ನೀವು ತೀರ್ಥಹಳ್ಳಿಯ ಕಚೇರಿಗೆ ಹೋಗುವುದು ಇದರಲ್ಲಿ ಯಾವುದಕ್ಕೂ ಸೇರುವುದಿಲ್ಲ.

ನಿಮಗೆ ಬೇಕಾದದ್ದು ಸಾಮಾನ್ಯ ನೋಂದಣಿಯ ನವೀಕರಣ. ಮೊದಲ 15 ವರ್ಷ ಕಳೆದ ಮೇಲೆ, ವಾಹನ ಸುಸ್ಥಿತಿಯಲ್ಲಿದೆಯೆಂದು ತಪಾಸಣೆಯಲ್ಲಿ ಕಂಡುಬಂದರೆ, ಐದೈದು ವರ್ಷಕ್ಕೆ ಅದನ್ನು ಮುಂದುವರಿಸುತ್ತಾರೆ. ಶುಲ್ಕ ಹಗುರವಲ್ಲ: ಆಮದಾದ ನಾಲ್ಕು ಚಕ್ರದ ವಾಹನಕ್ಕೆ 2022ರ ಏಪ್ರಿಲ್‌ನಿಂದ 40,000 ರೂಪಾಯಿ ಇತ್ತು, 2025ರಲ್ಲಿ 20 ವರ್ಷ ದಾಟಿದ ವಾಹನಗಳಿಗೆ ಮತ್ತೆ ಏರಿಸಲಾಯಿತು, ತಡಮಾಡಿದ ತಿಂಗಳುಗಳ ಲೆಕ್ಕ ಬೇರೆ. ಅದಕ್ಕೂ ಮೊದಲು, ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ವರ್ಗಾಯಿಸುವ ಫಾರಂ 31 ಸಲ್ಲಿಕೆಯಾಗಬೇಕು. ವಿಮೆ ಮಾಡಿಸುವಾಗ ಕಾರಿನ ಮೌಲ್ಯವನ್ನು ಕಂಪನಿಯೊಂದಿಗೆ ಮೊದಲೇ ಮಾತಾಡಿ, ಪರಸ್ಪರ ಒಪ್ಪಿ ಪಾಲಿಸಿಯಲ್ಲಿ ಬರೆಸಿಕೊಳ್ಳಿ. ಇಲ್ಲವಾದರೆ ನಿಮ್ಮ ಮಾವನವರ ಕಾರಿಗೆ ಗುಜರಿಯ ಬೆಲೆ ಕಟ್ಟುತ್ತಾರೆ.

ಬಿ ಸೀರೀಸ್

ಮೇಸ್ತ್ರಿಗಳ ವಿಷಯದಲ್ಲಿ ನೀವು ಅಂಜಬೇಕಾದದ್ದಿಲ್ಲ. ನಿಮ್ಮ ಕಾರಿನ 1798 ಸಿಸಿ ಎಂಜಿನ್ ಮತ್ತು ನಮ್ಮ ಅಂಬಾಸಿಡರ್ ಕಾರಿನ 1489 ಸಿಸಿ ಪೆಟ್ರೋಲ್ ಎಂಜಿನ್ ಒಂದೇ ಮನೆತನದವು. ಎರಡೂ ಬಿಎಂಸಿಯ (ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್) ‘ಬಿ ಸೀರೀಸ್’. ಬಿಡಿಭಾಗಗಳೆಲ್ಲ ಅದಲುಬದಲಾಗುವುದಿಲ್ಲ, ಆದರೆ ಗುಣ ಒಂದೇ. ಅದೇ ಪುಶ್‌ರಾಡ್, ಅದೇ ಎಸ್‌ಯು ಕಾರ್ಬುರೇಟರ್, ಟ್ಯಾಪೆಟ್ಟಿಗೆ ಅದೇ 15 ಥೌ (ಇಂಚಿನ ಸಾವಿರ ಪಾಲಿನಲ್ಲಿ 15) ಗ್ಯಾಪು. ಶಿವಮೊಗ್ಗದಲ್ಲಿ ಟ್ಯಾಕ್ಸಿ ಅಂಬಾಸಿಡರ್‌ಗಳ ಕಾಲದಲ್ಲಿ ಕೈ ಪಳಗಿಸಿಕೊಂಡ, ಅರವತ್ತು ದಾಟಿದ ಮೇಸ್ತ್ರಿಯೊಬ್ಬರನ್ನು ಹುಡುಕಿಕೊಳ್ಳಿ. ಬಾನೆಟ್ ಎತ್ತಿ ತೋರಿಸಿದರೆ ಸಾಕು, ‘ಇದು ನಮ್ದೇ ಗಾಡಿ, ಕಾರ್ಬುರೇಟರ್ ಒಂದು ಜಾಸ್ತಿ ಇದೆ ಅಷ್ಟೇ’ ಎನ್ನುತ್ತಾರೆ. ನನಗೆ ಹಾಗೆಂದವರು ಎರಡು ಕಾರ್ಬುರೇಟರುಗಳ ಗಾಳಿಯನ್ನು ಸರಿದೂಗಿಸಲು ಯಾವ ಉಪಕರಣವನ್ನೂ ಕೇಳಲಿಲ್ಲ; ಒಂದು ರಬ್ಬರ್ ಕೊಳವೆಯ ತುದಿಯನ್ನು ಕಿವಿಗೆ ಹಿಡಿದು, ಇನ್ನೊಂದು ತುದಿಯನ್ನು ಒಂದೊಂದರ ಬಾಯಿಗಿಟ್ಟು, ಉಸಿರಿನ ಸದ್ದು ಸಮವಾಗುವವರೆಗೆ ಸ್ಕ್ರೂ ತಿರುಗಿಸಿದರು.

ಆದರೆ ದಿನಕ್ಕೆ 120 ಕಿ.ಮೀ. ಎಂದರೆ ವಾರಕ್ಕೆ 480. ಈ ಕಾರಿನ ಕೈಪಿಡಿ 3,000 ಮೈಲಿಗೊಮ್ಮೆ, ಅಂದರೆ ಸುಮಾರು 5,000 ಕಿ.ಮೀ.ಗೊಮ್ಮೆ ಎಣ್ಣೆ ಬದಲಾಯಿಸಿ, ಮುಂಚಕ್ರಗಳು ಎಡಬಲಕ್ಕೆ ತಿರುಗುವ ಕೀಲುಗಳಾದ ಕಿಂಗ್‌ಪಿನ್ನುಗಳಿಗೆ ಗ್ರೀಸ್ ಹೊಡೆಯಲು ಹೇಳುತ್ತದೆ. ಹತ್ತು ವಾರಕ್ಕೊಮ್ಮೆ ಒಂದು ಭಾನುವಾರ ಕಾರಿನ ಕೆಳಗೇ ಹೋಯಿತೆಂದು ತಿಳಿಯಿರಿ. ಲೀಟರಿಗೆ 9ರಿಂದ 10 ಕಿ.ಮೀ. ಕೊಟ್ಟರೆ ಅದು ಒಳ್ಳೆಯ ಎಂಜಿನ್.

ಪೆಟ್ರೋಲಿನದೇ ಇನ್ನೊಂದು ಕಥೆ. ಈಗ ಬಂಕುಗಳಲ್ಲಿ ಸಿಗುವುದು 20 ಶೇಕಡಾ ಎಥನಾಲ್ ಬೆರೆತ ಇಂಧನ. ಅದು ಹಳೆಯ ರಬ್ಬರ್ ಪೈಪುಗಳನ್ನು ಮೆತ್ತಗೆ ಮಾಡಿ ಒಳಗಿನಿಂದ ತಿನ್ನುತ್ತದೆ, ಗಾಳಿಯ ತೇವವನ್ನೂ ಹೀರಿಕೊಳ್ಳುತ್ತದೆ. ಮಲೆನಾಡಿನಲ್ಲಿ ತೇವಕ್ಕೇನು ಬರ. ಟ್ಯಾಂಕಿನಿಂದ ಕಾರ್ಬುರೇಟರ್‌ವರೆಗಿನ ಎಲ್ಲ ರಬ್ಬರ್ ಪೈಪುಗಳನ್ನು ಎಥನಾಲ್ ತಡೆಯುವ ದರ್ಜೆಯವಕ್ಕೆ ಬದಲಾಯಿಸಿ, ನಿಲ್ಲಿಸುವಾಗ ಟ್ಯಾಂಕ್ ತುಂಬಿಸಿಡಿ, ಕಾರ್ಬುರೇಟರಿನ ಮಿಶ್ರಣದಲ್ಲಿ ಪೆಟ್ರೋಲಿನ ಪಾಲನ್ನು ಒಂದಿಷ್ಟು ಹೆಚ್ಚು ಮಾಡಿಸಿಕೊಳ್ಳಿ, ಇಲ್ಲವಾದರೆ ಏರಿನಲ್ಲಿ ಎಂಜಿನ್ ಕಾಯುತ್ತದೆ. ಪೆಟ್ರೋಲ್ ಪಂಪು ವಿದ್ಯುತ್ತಿನದು, ಹಿಂದಿನ ಚಕ್ರದ ಬಳಿ ಕೆಳಗಡೆ ಕೂತಿರುತ್ತದೆ. ಕೀ ತಿರುಗಿಸಿದಾಗ ಟಿಕ್ ಟಿಕ್ ಸದ್ದು ಬರದಿದ್ದರೆ ಅದರ ಪಾಯಿಂಟುಗಳು ಅಂಟಿಕೊಂಡಿವೆಯೆಂದು ಅರ್ಥ. ಒಂದು ಸ್ಪ್ಯಾನರಿನ ಹಿಡಿಯಿಂದ ಮೆಲ್ಲಗೆ ತಟ್ಟಿದರೆ ಮನೆ ಸೇರುವಷ್ಟಂತೂ ಓಡುತ್ತದೆ.

ನಿಜವಾಗಿ ನನಗೆ ಭಯವಿರುವುದು ಎರಡು ಕಡೆ. ಮೊದಲನೆಯದು ವಿದ್ಯುತ್ತು. ನಿಮ್ಮದು ಪಾಸಿಟಿವ್ ಅರ್ಥಿಂಗ್ ಕಾರು. ಬ್ಯಾಟರಿಯ ಪ್ಲಸ್ ತುದಿ ಬಾಡಿಗೆ ಸೇರಿರುತ್ತದೆ. ಇದು ಗೊತ್ತಿಲ್ಲದ ಎಲೆಕ್ಟ್ರಿಷಿಯನ್ ಒಬ್ಬರು ನನ್ನ ಸ್ನೇಹಿತರ ಕಾರಿಗೆ ಮೊಬೈಲ್ ಚಾರ್ಜರ್ ಕೂರಿಸಲು ಹೋಗಿ ವೈರಿಂಗಿನಿಂದ ಹೊಗೆ ಎಬ್ಬಿಸಿದ್ದರು. ಸಾಲದ್ದಕ್ಕೆ ಇರುವುದು ಡೈನಮೊ. ಮಳೆಯ ಸಂಜೆ ಹೆಡ್‌ಲೈಟು, ವೈಪರ್, ಹೀಟರಿನ ಫ್ಯಾನು ಎಲ್ಲ ಹಾಕಿಕೊಂಡು ನಿಧಾನಗತಿಯಲ್ಲಿ ಹೋದರೆ ಅದು ಹುಟ್ಟಿಸುವ ವಿದ್ಯುತ್ತಿಗಿಂತ ಖರ್ಚಾಗುವುದೇ ಹೆಚ್ಚು. ನಿತ್ಯ ಓಡಿಸುವುದಾದರೆ ನೆಗೆಟಿವ್ ಅರ್ಥಿಂಗಿಗೆ ಬದಲಿಸಿ, ನಿಧಾನಗತಿಯಲ್ಲೂ ಸಾಕಷ್ಟು ವಿದ್ಯುತ್ ಕೊಡುವ ಆಲ್ಟರ್ನೇಟರ್ ಹಾಕಿಸಿ. ಮೂಲರೂಪದ ಪಂಡಿತರು ಮುಖ ಗಂಟಿಕ್ಕಿದರೆ ಗಂಟಿಕ್ಕಲಿ.

ಎರಡನೆಯದು ಬ್ರೇಕು. ಮುಂದೆ ಡಿಸ್ಕ್, ಹಿಂದೆ ಡ್ರಮ್, ಹಿಡಿತಕ್ಕೆ ಕೊರತೆಯಿಲ್ಲ. ಆದರೆ 1966ರ ಕಾರಿನಲ್ಲಿ ನಾಲ್ಕೂ ಚಕ್ರಕ್ಕೆ ಒಂದೇ ದ್ರವದ ಸಾಲು. ಎಲ್ಲಿ ಸೋರಿದರೂ ನಾಲ್ಕೂ ಬ್ರೇಕು ಒಟ್ಟಿಗೆ ಹೋಗುತ್ತವೆ, ಉಳಿಯುವುದು ಹ್ಯಾಂಡ್‌ಬ್ರೇಕು ಮಾತ್ರ. ಹನ್ನೊಂದು ವರ್ಷ ನಿಂತ ಕಾರಿನ ಮಾಸ್ಟರ್ ಸಿಲಿಂಡರ್, ರಬ್ಬರ್ ಹೋಸುಗಳು, ಕ್ಯಾಲಿಪರ್ ಸೀಲುಗಳನ್ನು ‘ನೋಡೋಣ’ ಎಂದು ಬಿಡದೆ ಎಲ್ಲವನ್ನೂ ಹೊಸದಾಗಿ ಹಾಕಿಸಿ. ಆಗುಂಬೆಯ 14 ತಿರುವುಗಳನ್ನು ಆಮೇಲೆ ನೋಡಿದರಾಯಿತು.

ಇಕ್ಕೇರಿ ಹೆರಾಲ್ಡ್

ಬಿ ಸೀರೀಸ್ ಅವರು ಹೇಳಿದ್ದೆಲ್ಲ ಸರಿ, ಆದರೆ ಕಾರನ್ನು ಕೊಲ್ಲುವುದು ಎಂಜಿನ್ ಅಲ್ಲ, ನೀರು. ನಾನು ಸಾಗರದವನು, ಏಳು ವರ್ಷದಿಂದ ಒಂದು ತೆರೆದ ಸ್ಟ್ಯಾಂಡರ್ಡ್ ಹೆರಾಲ್ಡನ್ನು ಓಡಿಸುತ್ತಿದ್ದೇನೆ. ಮದ್ರಾಸಿನಲ್ಲಿ ತಯಾರಾದ ಈ ಕಾರಿನ ಮೇಲ್ಛಾವಣಿಯನ್ನು ಬೋಲ್ಟುಗಳಿಂದ ಕೂರಿಸಿರುತ್ತಾರೆ, ಹಿಂದಿನ ಮಾಲೀಕರು ಅದನ್ನು ಬಿಚ್ಚಿಸಿ ಬಟ್ಟೆಯ ಹುಡ್ ಹಾಕಿಸಿ ಆರ್‌ಸಿಯಲ್ಲಿಯೂ ನಮೂದಿಸಿದ್ದರು. ಹೆರಾಲ್ಡಿಗೆ ಪ್ರತ್ಯೇಕ ಚಾಸಿ ಇರುವುದರಿಂದ ಛಾವಣಿ ಹೋದರೂ ಬೆನ್ನು ಬಾಗುವುದಿಲ್ಲ. ನಿಮ್ಮ ಎಂಜಿಬಿಗೆ ಆ ಚಾಸಿಯೇ ಇಲ್ಲ. ಬಾಗಿಲುಗಳ ಕೆಳಗೆ ಉದ್ದಕ್ಕೂ ಹೋಗುವ ಸಿಲ್ ಎಂಬ ಪೆಟ್ಟಿಗೆಯಾಕಾರದ ತಗಡೇ ಅದರ ಬೆನ್ನೆಲುಬು. ಆ ಪೆಟ್ಟಿಗೆ ಒಳಗಿನಿಂದ ತುಕ್ಕು ಹಿಡಿಯುತ್ತದೆ, ಹೊರಗೆ ಬಣ್ಣ ಫಳಫಳ ಹೊಳೆಯುತ್ತಿರುತ್ತದೆ.

ಪರೀಕ್ಷೆ ಸುಲಭ. ಬಾಗಿಲು ಮುಚ್ಚಿ, ಬಾಗಿಲಿನ ಹಿಂಬದಿಯ ಸಂದಿಯ ಅಗಲವನ್ನು ಮೇಲೂ ಕೆಳಗೂ ಅಳೆದುಕೊಳ್ಳಿ. ಸಿಲ್ಲಿನ ಕೆಳಗೆ ಜಾಕ್ ಕೊಡುವ ಜಾಗದಲ್ಲಿ ಜಾಕ್ ಇಟ್ಟು ನಿಧಾನವಾಗಿ ಎತ್ತಿ. ಸಂದಿ ಬದಲಾದರೆ, ಅಥವಾ ಬಾಗಿಲು ತೆರೆಯಲು ಹಟ ಮಾಡಿದರೆ, ಒಳಗಿನ ತಗಡು ಕೆಲಸಕ್ಕೆ ಬಾರದು. ಜಾಕೇ ‘ಕರಕ್’ ಎಂದು ಒಳಗೆ ಹೊಕ್ಕರೆ ಮುಂದಿನ ಪರೀಕ್ಷೆಯ ಅಗತ್ಯವೇ ಇಲ್ಲ. ಈ ಪರೀಕ್ಷೆ ಮಾಡುವ ಮೊದಲು ನಿಮ್ಮಲ್ಲಿರುವ ಸಣ್ಣ ಕಾರನ್ನು ಮಾರಬೇಡಿ.

ಹುಡ್ಡಿನ ಬಗ್ಗೆ ಹೇಳುವುದಾದರೆ, ಅದು ನಮ್ಮ ಹಿರಿಯರ ಕಂಬಳಿಕೊಪ್ಪೆಯಿದ್ದಂತೆ. ಮಳೆಯ ರಭಸ ತಡೆಯುತ್ತದೆ, ಒದ್ದೆಯಾಗುವುದನ್ನು ತಡೆಯುವುದಿಲ್ಲ. ಗಾಜಿನ ಮೇಲಂಚಿನಿಂದ ಹನಿ ನೇರವಾಗಿ ಬಲಮೊಣಕಾಲಿನ ಮೇಲೆ ಬೀಳುತ್ತದೆ. ಒದ್ದೆ ಹುಡ್ಡನ್ನು ಎಂದೂ ಮಡಚಿಡಬೇಡಿ, ನಾಲ್ಕೇ ದಿನದಲ್ಲಿ ಬೂಷ್ಟು ಹಿಡಿಯುತ್ತದೆ. ಕಾರ್ಪೆಟ್ಟಿನ ಕೆಳಗಿನ ಫೆಲ್ಟನ್ನು ಮಳೆಗಾಲಕ್ಕೆ ಮೊದಲೇ ಕಿತ್ತು ಅಟ್ಟಕ್ಕೆ ಹಾಕಿ, ಏಕೆಂದರೆ ಅದು ಒಮ್ಮೆ ನೀರು ಕುಡಿದರೆ ದೀಪಾವಳಿಯವರೆಗೆ ಒಣಗುವುದಿಲ್ಲ, ಅದರ ಕೆಳಗಿನ ನೆಲದ ತಗಡು ಅಷ್ಟು ದಿನವೂ ನೆನೆಯುತ್ತಿರುತ್ತದೆ. ಬಾಗಿಲು ಮತ್ತು ಸಿಲ್ಲುಗಳ ತಳದಲ್ಲಿ ನೀರು ಇಳಿಯುವ ಸಣ್ಣ ತೂತುಗಳಿರುತ್ತವೆ. ಕೆಸರು, ಎಲೆಪುಡಿ ತುಂಬಿ ಮುಚ್ಚಿರುತ್ತವೆ. ತಿಂಗಳಿಗೊಮ್ಮೆ ತಂತಿ ಹಾಕಿ ಬಿಡಿಸಿ. ಕಾರನ್ನು ಘಟ್ಟದಲ್ಲಿ ನಿಲ್ಲಿಸಿ ಚಹಾ ಕುಡಿಯಲು ಹೋಗಬೇಡಿ. ಮಂಗಗಳು ಹುಡ್ಡಿನ ಮೇಲೆ ಕುಳಿತು ಹೊಲಿಗೆ ಬಿಚ್ಚುವುದರಲ್ಲಿ ದರ್ಜಿಗಳಿಗಿಂತ ಜಾಣರು. ಊರೂರಿಗೆ ಇರುವ ಬಣ್ಣ ಬಳಿಯದ ಹಂಪುಗಳ ಬಗ್ಗೆ ನಾನು ಬರೆಯುವುದಿಲ್ಲ. ಅವನ್ನು ನಿಮ್ಮ ಸೈಲೆನ್ಸರೇ ಹುಡುಕಿಕೊಳ್ಳುತ್ತದೆ.

ಇಷ್ಟೆಲ್ಲ ಹೇಳಿಯೂ, ಓಡಿಸಬೇಡಿ ಎನ್ನುವುದಿಲ್ಲ. ನಿಂತ ಕಾರು ಓಡುವ ಕಾರಿಗಿಂತ ಬೇಗ ಸಾಯುತ್ತದೆ: ಸೀಲುಗಳು ಒಣಗುತ್ತವೆ, ಇಲಿ ವೈರ್ ಕಡಿಯುತ್ತದೆ. ನಾನು ಮೃಗಶಿರಾ ಮಳೆ ಹಿಡಿದಾಗ ಹೆರಾಲ್ಡನ್ನು ಕಲ್ಲಿನ ಮೇಲೆ ಏರಿಸಿ, ಮಘೆ ಕಳೆದ ಮೇಲೆ ಇಳಿಸುತ್ತೇನೆ. ನಡುವೆ ಹೊಳವಾದ ದಿನ ಸಿಕ್ಕರೆ ಪೇಟೆಗೆ ಹೋಗಿ ಬರುತ್ತೇನೆ. ಉಳಿದ ಒಂಬತ್ತು ತಿಂಗಳು ಅದೇ ನನ್ನ ವಾಹನ. ಆ ಮೂರು ತಿಂಗಳಿಗೆ ಮನೆಯಲ್ಲಿ ಇನ್ನೊಂದು ಗಾಡಿ ಇರಲೇಬೇಕು, ಅದು ಸ್ಕೂಟರ್ ಆದರೂ ಆದೀತು, ಆದರೆ ತೀರ್ಥಹಳ್ಳಿಯ ದಾರಿಗೆ ಜುಲೈಯಲ್ಲಿ ಸ್ಕೂಟರನ್ನು ನಾನು ಯಾರಿಗೂ ಹೇಳಲಾರೆ.

ಮಂಡಗದ್ದೆ ದಾರಿಹೋಕ

ಮೂವರಿಗೂ ಧನ್ಯವಾದಗಳು. ಭಾನುವಾರ ಜಾಕ್ ಪರೀಕ್ಷೆ ಮಾಡಿದೆ. ಬಲಗಡೆ ಸಂದಿ ಕದಲಲಿಲ್ಲ. ಎಡಗಡೆ ಮೇಲಿನ ಸಂದಿ ಎರಡು ಮಿಲಿಮೀಟರ್ ಕಿರಿದಾಗಿ, ಬಾಗಿಲನ್ನು ಮೊಣಕಾಲು ಕೊಟ್ಟು ತೆರೆಯಬೇಕಾಯಿತು. ಸುತ್ತಿಗೆಯ ಹಿಡಿಯಿಂದ ಬಡಿದರೆ, ತುಕ್ಕು ಮುಚ್ಚಲು ಮೆತ್ತಿದ ಪುಟ್ಟಿಯ ಮೊದ್ದು ಸದ್ದು ಬರುತ್ತಿದೆ. ಇರುವ ಕಾರನ್ನು ಮಾರುವ ಯೋಚನೆ ಕೈಬಿಟ್ಟಿದ್ದೇನೆ. ಎಂಜಿಬಿಗೆ ಪಕ್ಕದ ಮನೆಯವರ ಖಾಲಿ ಶೆಡ್ಡನ್ನು ಬಾಡಿಗೆಗೆ ಕೇಳಿದ್ದೇನೆ. ಇಲ್ಲಿಯ ಒಬ್ಬ ಟಿಂಕರ್ ಕೆಲಸದವರು ಎಡ ಸಿಲ್ಲನ್ನು ಪೂರ್ತಿ ಕತ್ತರಿಸಿ ಹೊಸ ತಗಡು ಬೆಸೆಯುತ್ತೇನೆ, ಮೂರು ದಿನದ ಕೆಲಸ ಎನ್ನುತ್ತಿದ್ದಾರೆ. ಒಪ್ಪಿಕೊಳ್ಳಲೇ?

ಬಿ ಸೀರೀಸ್

ಕತ್ತರಿಸುವ ಮೊದಲು ಬಾಗಿಲಿನ ಚೌಕಟ್ಟಿಗೆ ಅಡ್ಡಲಾಗಿ ಕಬ್ಬಿಣದ ಆಂಗಲ್ ಬೆಸೆಯುವರೇ ಎಂದು ಅವರನ್ನು ಕೇಳಿ. ‘ಅದೇನೂ ಬೇಕಾಗಿಲ್ಲ’ ಎಂದರೆ ಕಾರನ್ನು ವಾಪಸ್ ತನ್ನಿ. ಛಾವಣಿಯಿಲ್ಲದ ಬಾಡಿಯಲ್ಲಿ ಸಿಲ್ ತೆಗೆದರೆ ನಡು ಕುಸಿಯುತ್ತದೆ, ಕುಸಿದ ಸ್ಥಿತಿಯಲ್ಲಿ ಬೆಸೆದರೆ ಬಾಗಿಲು ಎಂದೆಂದಿಗೂ ಕೂರುವುದಿಲ್ಲ. ಒಳಸಿಲ್, ಹೊರಸಿಲ್, ನಡುವಿನ ತಗಡು ಎಂದು ಮೂರು ಪದರಗಳಿವೆ; ಮೂರೂ ಅಚ್ಚಿನಲ್ಲಿ ಒತ್ತಿ ಸಿದ್ಧವಾದವು ಇಂಗ್ಲೆಂಡಿನಿಂದ ಇಂದಿಗೂ ಸಿಗುತ್ತವೆ. ಅಲ್ಲಿಯ ಬ್ರಿಟಿಷ್ ಮೋಟಾರ್ ಹೆರಿಟೇಜ್ ಎಂಬ ಕಂಪನಿ 1988ರಿಂದ ಈ ಕಾರಿನ ಇಡೀ ಬಾಡಿಯನ್ನೇ ಹೊಸದಾಗಿ ತಯಾರಿಸಿದೆ. ತಗಡು ತರಿಸಿಕೊಂಡ ಮೇಲೆ, ಬಾಗಿಲನ್ನು ಸ್ಥಾನದಲ್ಲಿಟ್ಟು, ಅಲ್ಲಲ್ಲಿ ಚುಕ್ಕೆ ಬೆಸುಗೆ ಹಾಕಿಸಿ, ಸಂದಿಯನ್ನು ಮತ್ತೆ ಅಳೆದ ನಂತರವೇ ಪೂರ್ತಿ ಬೆಸೆಯಲು ಹೇಳಿ. ಬ್ಯಾಟರಿ ಮತ್ತು ಡೈನಮೊದ ತಂತಿಗಳನ್ನು ಮೊದಲೇ ಬಿಚ್ಚಿಡಿ. ಮೂರು ದಿನದಲ್ಲಿ ಆಗುವ ಕೆಲಸವಲ್ಲ ಇದು; ಮೂರು ವಾರ ಕೇಳಿದವರಿಗೆ ಕೊಡಿ.