ಬಾಣಂತಿ ಮನೆಗೆ ಸಭೆಯವರು ಹೇಗೆ ಆಸರೆಯಾಗಬೇಕು? ನಿಮ್ಮ ಅನುಭವ ಹೇಳಿ

ಹುಬ್ಬಳ್ಳಿಯಿಂದ ಪ್ರಶ್ನೆ:
ನಮ್ಮ ಸಭೆಯ (ಚರ್ಚಿನ) ಅಕ್ಕ ಒಬ್ಬರಿಗೆ ಎರಡನೇ ಹೆರಿಗೆಯಾಗಿದೆ. ಅವರಿಗೆ ತಾಯಿ ಇಲ್ಲ, ಗಂಡನಿಗೆ ರಾತ್ರಿ ಪಾಳಿ. ಎಲ್ಲರೂ "ಏನಾದರೂ ಬೇಕಿದ್ದರೆ ಹೇಳಮ್ಮ" ಅನ್ನುತ್ತಾರೆ. ಅವರು ಬಾಯಿ ಬಿಟ್ಟು ಕೇಳುವವರಲ್ಲ. ತಾಯಿಯ ಹಾಗೆ ಸಂತೈಸುತ್ತೇನೆ ಅಂತ ಬೈಬಲಿನ ಯೆಶಾಯ 66:13ರಲ್ಲಿ ದೇವರು ಹೇಳುತ್ತಾನಲ್ಲ, ಆ ಆರೈಕೆ ನಮ್ಮ ಕೈಯಿಂದ ಅವರಿಗೆ ಸಿಗಬೇಕು. ಮುಜುಗರವೂ ಆಗಬಾರದು. ಏನು ಮಾಡಲಿ?

ಧಾರವಾಡದ ಅಕ್ಕ:
"ಬೇಕಿದ್ದರೆ ಹೇಳಿ" ಅಂದರೆ ಏನು ಬೇಕು ಅಂತ ಯೋಚಿಸುವ ಕೆಲಸವೂ ಅವರ ತಲೆಗೇ ಬೀಳುತ್ತದೆ. "ನಾಳೆ ಹತ್ತಕ್ಕೆ ಬರ್ತೀನಿ, ಮಗು ನಾನು ನೋಡ್ಕೋತೀನಿ, ನೀನು ಎರಕೊಂಡು ಮಲಗು" ಅನ್ನಿ. ನನ್ನ ಬಾಣಂತನದಲ್ಲಿ ಸಭೆಯ ಒಬ್ಬ ಅಜ್ಜಿ ಹೀಗೇ ಬರುತ್ತಿದ್ದರು. ಕೈಯಲ್ಲಿ ಅಂಟಿನ ಉಂಡಿ, ಇಲ್ಲವೇ ಅಳವಿ ಪಾಯಸ. ಮಗುವಿನ ಬಟ್ಟೆ ಒಗೆದು ಹಾಕಿ, ದೊಡ್ಡವಳ ಜಡೆ ಹೆಣೆದು ಹೋಗುವರು. ಉಪದೇಶ ಒಂದೂ ಇಲ್ಲ!

1 ಅರಸುಗಳು 19 ಓದಿ. ಸಾಕಪ್ಪಾ, ನನ್ನ ಪ್ರಾಣ ತೆಗೆದುಕೋ ಅಂತ ಪ್ರವಾದಿ ಎಲೀಯ ಗಿಡದ ಕೆಳಗೆ ಮಲಗಿದ್ದಾನೆ. ದೇವದೂತ ಬಂದು ನಿನ್ನ ನಂಬಿಕೆ ಎಲ್ಲಿ ಅಂತ ಕೇಳಲಿಲ್ಲ. ತಟ್ಟಿ ಎಬ್ಬಿಸಿ, ತಿನ್ನು ಅಂದ. ಕೆಂಡದ ಮೇಲೆ ಸುಟ್ಟ ರೊಟ್ಟಿ, ಕುಡಿಯಲು ನೀರು. ಅವನು ತಿಂದು ಮತ್ತೆ ಮಲಗಿದ. ಮಲಗಲಿ ಅಂತ ಬಿಟ್ಟು, ಆಮೇಲೆ ಇನ್ನೊಮ್ಮೆ ಊಟ. ದೇವರು ಅವನನ್ನು ಮಾತಾಡಿಸಿದ್ದು 40 ದಿನ ನಡೆದು ಹೋರೇಬ್ ಬೆಟ್ಟಕ್ಕೆ ಬಂದ ಮೇಲೆ. ನಮ್ಮಲ್ಲಿ ಮಾತು ಮೊದಲು, ಊಟ ನೆನಪಾದರೆ.

ಇನ್ನೊಂದು, ಕೊಟ್ಟ ಡಬ್ಬಿ ಅಲ್ಲೇ ಬಿಡಬೇಡಿ. ಖಾಲಿ ಡಬ್ಬಿ ಹಿಂದಕ್ಕೆ ಕೊಡಬಾರದು ಅಂತ ಪಾಪ ಆಕೆ ಏನಾದರೂ ಮಾಡೋಕೆ ನಿಲ್ಲುತ್ತಾಳೆ. ಅವರ ಪಾತ್ರೆಗೇ ಬಗ್ಗಿಸಿ ಬನ್ನಿ.

ಬೆಂಗಳೂರಿನ ತಾಯಿ:
ದಯವಿಟ್ಟು ಗುಂಪಾಗಿ ಹೋಗಬೇಡಿ. ನಮ್ಮ ಮನೆಯಲ್ಲಿ ಹಾಡು, ವಾಕ್ಯ, ಸಾಕ್ಷಿ ಮುಗಿಯುವಷ್ಟರಲ್ಲಿ ಮಗು ಎದ್ದು ಅಳುತ್ತಿತ್ತು. ಎಲ್ಲರಿಗೂ ಟೀ ನಾನೇ ಇಡಬೇಕು. ಪ್ರಾರ್ಥನೆ ಖಂಡಿತ ಬೇಕು, ಎರಡು ನಿಮಿಷದ್ದು. ಫೋಟೋ ಬೇಡವೇ ಬೇಡ.

ಮಂಗಳೂರಿನಿಂದ:
ನಮ್ಮ ಕಥೋಲಿಕರಲ್ಲಿ ಸಂತ ವಿನ್ಸೆಂಟ್ ದ ಪಾವ್ಲ್ ಸಭೆ ಅಂತ ಬಡವರಿಗೆ ನೆರವಾಗುವ ಸಂಘ ಇದೆ. 1833ರಲ್ಲಿ ಪ್ಯಾರಿಸ್‌ನಲ್ಲಿ ಫ್ರೆಡರಿಕ್ ಓಝನಾಮ್ ಮತ್ತು ಜೊತೆಯ ವಿದ್ಯಾರ್ಥಿಗಳು ಶುರು ಮಾಡಿದ್ದು. ಮನೆ ಭೇಟಿಗೆ ಇಬ್ಬಿಬ್ಬರಾಗಿ ಹೋಗುತ್ತೇವೆ. ಯಾರಿಗೆ ಏನು ಕೊಟ್ಟೆವು ಅಂತ ಹೊರಗೆ ಹೇಳುವ ಹಾಗಿಲ್ಲ. ನೀವೂ ಒಬ್ಬರನ್ನು ಜೊತೆ ಮಾಡಿಕೊಳ್ಳಿ. ಒಬ್ಬರಿಗೆ ಜ್ವರ ಬಂದರೂ ಕೆಲಸ ನಿಲ್ಲುವುದಿಲ್ಲ.

ಮೈಸೂರಿನ ಅಣ್ಣ:
ಇದನ್ನು ಹೆಂಗಸರಿಗೇ ಬಿಡುವುದು ಏಕೆ? ಹಾಲೂಡುವ ತಾಯಿಯ ಹಾಗೆ ನಿಮ್ಮ ನಡುವೆ ಇದ್ದೆವು ಅಂತ 1 ಥೆಸಲೊನೀಕ 2:7ರಲ್ಲಿ ಬರೆದವನು ಪೌಲ, ಗಂಡಸು ಅಲ್ವಾ? 6, 10, 14ನೇ ವಾರಕ್ಕೆ ಮಗುವಿಗೆ ಲಸಿಕೆ ಇರುತ್ತದೆ. ಗಾಡಿ ಇದ್ದವರು ಕರೆದುಕೊಂಡು ಹೋಗಲಿ. ದೊಡ್ಡ ಮಗುವನ್ನು ಶಾಲೆಗೆ ಬಿಡುವುದೂ ಆಗುತ್ತದೆ.

ಕಲಬುರಗಿಯ ನರ್ಸ್:
ಮೊದಲ ಕೆಲವು ದಿನ ಸುಮ್ನೆ ಅಳು ಬರುವುದು ಸಾಮಾನ್ಯ. ಎರಡು ವಾರ ದಾಟಿಯೂ ಹಾಗೇ ಇದ್ದರೆ, ಮಗು ಮಲಗಿದಾಗಲೂ ತಾಯಿಗೆ ನಿದ್ದೆ ಬರದಿದ್ದರೆ, ಮಗುವಿನ ಮೇಲೆ ಮನಸ್ಸೇ ಹೋಗದಿದ್ದರೆ ಡಾಕ್ಟರಿಗೆ ತೋರಿಸಿ. ಬದುಕು ಬೇಡ ಅನ್ನುವ ಮಾತು ಬಂದರೆ ಅವತ್ತೇ ತೋರಿಸಿ, ಒಂಟಿಯಾಗಿ ಬಿಡಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416, ಕನ್ನಡದಲ್ಲೇ ಮಾತಾಡಬಹುದು. "ಪ್ರಾರ್ಥನೆ ಕಡಿಮೆಯಾಗಿದೆ" ಅಂತ ಮಾತ್ರ ಯಾರೂ ಅನ್ನಬೇಡಿ.

ಹುಬ್ಬಳ್ಳಿಯಿಂದ:
ಎಲ್ಲರಿಗೂ ವಂದನೆ. ಓಣಿಯ ಇನ್ನೊಬ್ಬ ಅಕ್ಕ ಜೊತೆಗೆ ಬರುತ್ತಾರಂತೆ. ಲಸಿಕೆ ದಿನ ನಮ್ಮ ಮನೆಯವರು ಆಟೋ ತರುತ್ತಾರೆ. ಧಾರವಾಡದ ಅಕ್ಕಾ, ಪಾಯಸಕ್ಕೆ ಅಳವಿ ಎಷ್ಟು ಹೊತ್ತು ನೆನೆಸಬೇಕು?