ಗಣೇಶನ ಪೆಂಡಾಲಿಗೆ ಒಂದು ಕಾಮಿಡಿ ಸಿನಿಮಾ ಹೇಳಿ, ಅಜ್ಜಿಯರೂ ನಗಬೇಕು ಹುಡುಗರೂ ನಗಬೇಕು

ಶಿರಾಗೇಟ್ ಸೀನ:

ತುಮಕೂರಿನ ಶಿರಾ ಗೇಟ್ ಹತ್ತಿರ ನಮ್ಮದೊಂದು ಸಣ್ಣ ಬೀದಿ, 22 ಮನೆ. ಪ್ರತಿ ವರ್ಷ ಗಣೇಶ ಕೂರಿಸುತ್ತೇವೆ. ಮೂರನೇ ದಿನ ರಾತ್ರಿ ಊಟ ಆದಮೇಲೆ ಬಿಳಿ ಪಂಚೆ ಕಟ್ಟಿ ಪ್ರೊಜೆಕ್ಟರಿನಲ್ಲಿ ಒಂದು ಸಿನಿಮಾ ಹಾಕುವುದು ರೂಢಿ.

ಹೋದ ವರ್ಷ ಸಿನಿಮಾ ಆರಿಸಿದ ಪಾಪ ನನ್ನದು. ಹೆಸರು ಬೇಡ ಬಿಡಿ, ಭಾರಿ ಕಾಮಿಡಿ ಅಂತ ಎಲ್ಲರೂ ಹೇಳಿದ್ದರು. ಒಬ್ಬ ಬೀಳುತ್ತಾನೆ, ಟೊಂಯ್ ಅಂತ ಸದ್ದು. ಇನ್ನೊಬ್ಬ ಕಣ್ಣರಳಿಸುತ್ತಾನೆ, ಮತ್ತೆ ಟೊಂಯ್. ದಪ್ಪಗಿರುವ ಹೆಂಗಸು ಬಂದರೆ ಆನೆ ಘೀಳಿಡುವ ಸದ್ದು. ಅರ್ಧ ಗಂಟೆ ಆಗುವಷ್ಟರಲ್ಲಿ ಹೆಂಗಸರೆಲ್ಲ ತಮ್ಮ ತಮ್ಮ ಕುರ್ಚಿ ಎತ್ತಿಕೊಂಡು ಹೊರಟರು, ಹುಡುಗರು ಮೊಬೈಲ್ ತೆಗೆದರು, ಕೊನೆಗೆ ಉಳಿದಿದ್ದು ನಾನು, ಪ್ರೊಜೆಕ್ಟರಿನವನು ಮತ್ತು ಗಣೇಶ. ಪ್ರೊಜೆಕ್ಟರಿನವನೂ ನಿದ್ದೆ ಹೊಡೆಯುತ್ತಿದ್ದ.

ಅದೇ ಟೀವಿಯಲ್ಲಿ ‘ಗಣೇಶನ ಮದುವೆ’ ಬಂದರೆ ನಮ್ಮಮ್ಮ ಒಲೆ ಆರಿಸಿ ಬಂದು ಕೂರುತ್ತಾರೆ. 1990ರ ಸಿನಿಮಾ, ಎಷ್ಟನೇ ಸಲ ಅಂತ ಲೆಕ್ಕ ಇಲ್ಲ. ಮಾತು ಬರುವುದಕ್ಕೆ ಮುಂಚೆಯೇ ನಗುತ್ತಾರೆ. ಮುಂದೇನಾಗುತ್ತದೆ ಅಂತ ಗೊತ್ತಿದ್ದ ಮೇಲೂ ನಗು ಬರುವುದು ಹೇಗೆ? ನಿಮಗೆ ಇಷ್ಟವಾದ ಕಾಮಿಡಿ ಸಿನಿಮಾ ಯಾವುದು, ಅದರಲ್ಲಿ ನಗು ಬರುವುದು ಎಲ್ಲಿಂದ? ಸುಮ್ನೆ ಹೆಸರು ಹಾಕಿ ಹೋಗಬೇಡಿ, ಸ್ವಲ್ಪ ಬಿಡಿಸಿ ಹೇಳಿ. ಈ ಸಲವೂ ಜನ ಎದ್ದು ಹೋದರೆ ಮುಂದಿನ ವರ್ಷ ನನಗೆ ಚಂದಾ ಎತ್ತುವ ಕೆಲಸ ಮಾತ್ರ ಕೊಡುತ್ತಾರೆ.

ಚಿಂತಾಮಣಿ ಗೀತಕ್ಕ:

ಉತ್ತರ ನಿನ್ನ ಪ್ರಶ್ನೆಯಲ್ಲೇ ಇದೆಯಲ್ಲಪ್ಪ. ‘ಗಣೇಶನ ಮದುವೆ’ಯಲ್ಲಿ ಅನಂತ್ ನಾಗ್ ವಠಾರದ ಬಾಡಿಗೆದಾರ, ವಿನಯಾ ಪ್ರಸಾದ್ ಓನರ್ ಮಗಳು. ಓನರ್ ಮುಖ್ಯಮಂತ್ರಿ ಚಂದ್ರು. ಹುಡುಗ ಹುಡುಗಿ ಎದುರುಬದುರು ಸಿಕ್ಕರೆ ಹಾವು ಮುಂಗುಸಿ. ಅದೇ ಇಬ್ಬರು ಮುಖ ನೋಡದೆ ಕಾಗದದಲ್ಲಿ ಪ್ರೀತಿ ಮಾಡುತ್ತಿರುತ್ತಾರೆ, ಆ ಕಡೆ ಇರುವವರು ಯಾರು ಅಂತ ಇಬ್ಬರಿಗೂ ಗೊತ್ತಿಲ್ಲ. ನಮಗೆ ಗೊತ್ತು. ಬೈದಿದ್ದು ಯಾರನ್ನೋ ಅವಳಿಗೇ ಹೋಗಿ ಪ್ರೇಮಪತ್ರ ಬರೆಯುತ್ತಾ ಕೂತರೆ ನಗದೆ ಇನ್ನೇನು ಮಾಡುತ್ತಾರೆ? ಗುಟ್ಟು ನಮ್ಮ ಸೆರಗಿನಲ್ಲಿ ಕಟ್ಟಿಕೊಂಡಿರುತ್ತೇವೆ. ಇವನು ಈಗ ಹೋಗಿ ಗುಂಡಿಗೆ ಬೀಳುತ್ತಾನೆ ಅಂತ ನಿಮ್ಮಮ್ಮನಿಗೆ ಮೊದಲೇ ಗೊತ್ತು, ಅದಕ್ಕೇ ಮುಂಚೆ ನಗುವುದು.

ಇನ್ನೊಂದು, ಅನಂತ್ ನಾಗ್ ನಗಿಸಬೇಕು ಅಂತ ಒದ್ದಾಡುವುದೇ ಇಲ್ಲ. ಮುಖ ನೋಡಿದರೆ ಪಾಪ, ನಿಜಕ್ಕೂ ಕಷ್ಟದಲ್ಲಿದ್ದಾನೆ ಅನ್ನಿಸುತ್ತದೆ. ಇದನ್ನು ನಿರ್ದೇಶಿಸಿದ ಫಣಿ ರಾಮಚಂದ್ರ ಅವರೇ ಮರುವರ್ಷ ‘ಗೌರಿ ಗಣೇಶ’ ಮಾಡಿದರು. ಅದರಲ್ಲೂ ಅಷ್ಟೇ. ಸತ್ತವಳ ಡೈರಿ ಹಿಡಿದುಕೊಂಡು ದುಡ್ಡಿಗಾಗಿ ಒಂದು ಸುಳ್ಳು ಹೇಳುತ್ತಾನೆ, ಆ ಸುಳ್ಳು ಸಾಕುವುದಕ್ಕೆ ಇನ್ನೊಂದು, ಕೊನೆಗೆ ಸುಳ್ಳೇ ಮಾಸ್ಟರ್ ಆನಂದ್ ರೂಪದಲ್ಲಿ ಚಡ್ಡಿ ಹಾಕಿಕೊಂಡು ಮುಂದೆ ಬಂದು ನಿಲ್ಲುತ್ತದೆ. ಎರಡರಲ್ಲಿ ಯಾವುದಾದರೂ ಹಾಕು. ಹಬ್ಬಕ್ಕೂ ಹೆಸರು ಸರಿಹೋಗುತ್ತದೆ.

ಬಂಗಾರಪೇಟೆ ಪಾನಿಪುರಿ:

ಗೀತಕ್ಕ ಹೇಳಿದ್ದಕ್ಕೆ ನನ್ನದೂ ಒಂದು ಓಟು. ನಾನು ಕೋಲಾರದ ಕಡೆಯವನು, ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ, ಸಿನಿಮಾ ಎರಡೂ. ನನ್ನ ಲೆಕ್ಕದಲ್ಲಿ 1987ರ ತೆಲುಗಿನ ‘ಅಹ ನಾ ಪೆಳ್ಳಂಟ’ ಮುಂದೆ ಯಾವುದೂ ನಿಲ್ಲುವುದಿಲ್ಲ. ಜಂಧ್ಯಾಲ ನಿರ್ದೇಶನ. ಕೋಟ ಶ್ರೀನಿವಾಸ ರಾವ್ ಅದರಲ್ಲಿ ಜಿಪುಣ. ಎಂಥ ಜಿಪುಣ ಅಂದರೆ, ಒಂದು ಕೋಳಿಯನ್ನು ತಲೆಕೆಳಗಾಗಿ ನೇತುಹಾಕಿ, ಅದನ್ನು ನೋಡುತ್ತಾ ಬರೀ ಅನ್ನ ತಿನ್ನುತ್ತಾನೆ. ಕೋಳಿ ಸಾರು ಉಂಡ ಹಾಗೇ ಅಂತ ಅವನ ಲೆಕ್ಕ. ಬೇರೆ ಯಾರಾದರೂ ಆಗಿದ್ದರೆ ‘ನೋಡಿ ಹೇಗೆ ಮಾಡಿದೆ’ ಅನ್ನುವ ಹಾಗೆ ನಮ್ಮ ಕಡೆ ಒಂದು ನೋಟ ಬಿಡುತ್ತಿದ್ದರು. ಈ ಮನುಷ್ಯ ಬಿಡುವುದಿಲ್ಲ. ಅವನಿಗೆ ಅದು ಊಟ, ಅಷ್ಟೇ.

ನಮ್ಮ ತಾತ ಬೆಂಕಿಕಡ್ಡಿಯನ್ನು ಬ್ಲೇಡಿನಲ್ಲಿ ಎರಡು ಸೀಳು ಮಾಡಿ ಇಟ್ಟುಕೊಳ್ಳುತ್ತಿದ್ದರು. ಈ ಸಿನಿಮಾ ನೋಡುತ್ತಾ ನಾವೆಲ್ಲ ಬಿದ್ದು ಬಿದ್ದು ನಗುತ್ತಿದ್ದರೆ ತಾತ ಮಾತ್ರ ಗಂಭೀರವಾಗಿ ‘ಅವನು ಮಾಡಿದ್ದರಲ್ಲಿ ತಪ್ಪೇನಿದೆ’ ಅಂತ ಕೇಳಿದರು. ಆಮೇಲೆ ಸಿನಿಮಾಕ್ಕಿಂತ ಜಾಸ್ತಿ ನಕ್ಕಿದ್ದು ಅದಕ್ಕೆ.

ನಿಮ್ಮ ಬೀದಿಯಲ್ಲಿ ಪಾವಗಡದವರು ಇದ್ದರೆ ತೆಲುಗು ಸಿನಿಮಾ ನಡೆಯುತ್ತದೆ, ಕೇಳಿ ನೋಡಿ.

ತಿಪಟೂರು ಕೊಬ್ಬರಿ:

ಏನ್ರೀ ಇದು, ತುಮಕೂರು ಜಿಲ್ಲೆಯವರು ನಗುವಿನ ಬಗ್ಗೆ ಕೇಳಿದರೆ ನರಸಿಂಹರಾಜು ಹೆಸರೇ ಎತ್ತದೆ ಇಬ್ಬರು ಉತ್ತರ ಕೊಟ್ಟಾಯ್ತಾ? ನಮ್ಮ ತಿಪಟೂರಿನವರು ಸ್ವಾಮಿ. 1954ರ ‘ಬೇಡರ ಕಣ್ಣಪ್ಪ’ದಲ್ಲಿ ರಾಜ್‌ಕುಮಾರ್ ನಾಯಕರಾದರು, ನರಸಿಂಹರಾಜು ಕೂಡ ತೆರೆಗೆ ಬಂದಿದ್ದು ಅದರಲ್ಲೇ.

ಮುಖ ಬಿಗಿಯಾಗಿ ಇಟ್ಟುಕೊಂಡರೆ ಮಾತ್ರ ನಗು ಅನ್ನುವ ನಿಮ್ಮ ಲೆಕ್ಕ ನಾನು ಒಪ್ಪುವುದಿಲ್ಲ. ನರಸಿಂಹರಾಜು ನಗಿಸುವುದಕ್ಕೇ ಬಂದಿದ್ದಾರೆ ಅಂತ ನಮಗೂ ಗೊತ್ತು, ಅವರಿಗೂ ಗೊತ್ತು. ಆ ಕಡ್ಡಿ ಮೈ, ಮುಂದೆ ಬಂದ ಹಲ್ಲು ಕಂಡ ಕೂಡಲೇ ಅರ್ಧ ಕೆಲಸ ಮುಗಿದಿರುತ್ತದೆ. 1965ರ ‘ಸತ್ಯ ಹರಿಶ್ಚಂದ್ರ’ ನೋಡಿ. ರಾಜ ರಾಜ್ಯ ಬಿಟ್ಟು ಹೆಂಡತಿ ಮಗುವಿನ ಜೊತೆ ಬೀದಿಗೆ ಬಿದ್ದಿದ್ದಾನೆ, ನೋಡುವವರ ಸೆರಗು ಕಣ್ಣಿಗೆ ಹೋಗಿದೆ. ಹಿಂದೆ ಸಾಲ ವಸೂಲಿಗೆ ವಿಶ್ವಾಮಿತ್ರ ಗಂಟುಹಾಕಿದ ನಕ್ಷತ್ರಿಕ. ಅಳುತ್ತಿರುವವರನ್ನು ನಗಿಸಬೇಕು, ಆದರೆ ಅವರ ಅಳು ಕೆಡಬಾರದು. ಸ್ವಲ್ಪ ಜಾಸ್ತಿ ಮಾಡಿದರೆ ಇಡೀ ಸೀನ್ ಹಾಳು. ಇದು ನಾಟಕದ ಕಂಪನಿಗಳಲ್ಲಿ ಪಳಗಿದವರಿಗೆ ಮಾತ್ರ ಬರುತ್ತಿತ್ತು. ಗುಬ್ಬಿ ವೀರಣ್ಣನವರೂ ಹೆಸರು ಮಾಡಿದ್ದು ಹಾಸ್ಯ ಪಾತ್ರಗಳಲ್ಲೇ ಅಲ್ವಾ. ಜನ ಎದುರಿಗೇ ಕೂತಿರುತ್ತಾರೆ, ನಗಲಿಲ್ಲ ಅಂದರೆ ಅಲ್ಲೇ ಮುಖಕ್ಕೆ ಗೊತ್ತಾಗುತ್ತದೆ, ನಾಳೆ ಆಟಕ್ಕೆ ಮಾತು ಬದಲಾಯಿಸಬೇಕು. ಟೊಂಯ್ ಹಾಕಿ ಕಾಪಾಡುವವರು ಯಾರೂ ಇರಲಿಲ್ಲ.

ನಮ್ಮ ಮನೆಯಲ್ಲಿ ಈಗಲೂ ಸಾಲದವನು ಗೇಟ್ ತೆಗೆದರೆ ‘ನಕ್ಷತ್ರಿಕ ಬಂದ’ ಅಂತಲೇ ಹೇಳುವುದು.

ಶಿರಾಗೇಟ್ ಸೀನ:

ಸಾರ್, ಒಪ್ಪಿದೆ. ಆದರೆ ಅದು ಅಳಿಸುವ ಸಿನಿಮಾ. ಸ್ಮಶಾನದ ಸೀನ್ ಬರುವ ಹೊತ್ತಿಗೆ ನಮ್ಮ ಬೀದಿಯ ಅಜ್ಜಿಯರನ್ನು ಸಮಾಧಾನ ಮಾಡುವವರು ಯಾರು?

ಬಟವಾಡಿ ಬಾಯ್:

‘ತಿಥಿ’ ಹಾಕಿ ಅಣ್ಣ. ನಟನೆ ಕಲಿತವರು ಯಾರೂ ಇಲ್ಲ, ಮಂಡ್ಯ ಕಡೆಯ ಊರಿನ ಜನರೇ ಮಾಡಿರುವುದು. 101 ವರ್ಷದ ಸೆಂಚುರಿ ಗೌಡ ದಾರಿಯಲ್ಲಿ ಹೋಗಿಬರುವವರನ್ನೆಲ್ಲ ಬೈದು, ಎದ್ದು ನಾಲ್ಕು ಹೆಜ್ಜೆ ನಡೆದು ಸತ್ತೇ ಹೋಗುತ್ತಾನೆ. ಮಗ ಗಡ್ಡಪ್ಪನಿಗೆ ಅಪ್ಪ ಸತ್ತರೂ ಒಂದೇ, ಜಮೀನು ಹೋದರೂ ಒಂದೇ, ಸುಮ್ನೆ ಅಲೆಯುತ್ತಿರುತ್ತಾನೆ. ಮೊಮ್ಮಗ ಒಬ್ಬನೇ ತಲೆ ಕೆಡಿಸಿಕೊಂಡು ಓಡಾಡುವುದು. ಸೂಪರ್.

ಚಿಂತಾಮಣಿ ಗೀತಕ್ಕ:

ಗಣೇಶನ ಮುಂದೆ ತಿಥಿ ಮಾಡಿಸುತ್ತೀಯಾ? ಒಳ್ಳೆ ಸಿನಿಮಾನೇ, ಇಲ್ಲ ಅನ್ನಲ್ಲ. ಆದರೆ ಪೆಂಡಾಲಿನ ಮುಂದೆ ಆ ಹೆಸರು ಬರೆದು ಬೋರ್ಡ್ ಹಾಕಿ ನೋಡು, ಸೀನನನ್ನು ಗಣೇಶನ ಜೊತೆಗೇ ಕೆರೆಗೆ ಬಿಡುತ್ತಾರೆ.

ಬಟವಾಡಿ ಬಾಯ್:

ಹಾಗಾದ್ರೆ ‘ಸು ಫ್ರಮ್ ಸೋ’. ಹೋದ ಸಲ ನಮ್ಮ ಗ್ಯಾಂಗ್ ಪೂರ್ತಿ ಹೋಗಿತ್ತು. ಮೈಮೇಲೆ ದೆವ್ವ ಬಂದ ಹಾಗೆ ನಾಟಕ ಮಾಡಿದ ಹುಡುಗನನ್ನು ಊರೆಲ್ಲ ನಂಬಿಬಿಡುತ್ತದೆ, ಅವನಿಗೆ ಅದರಿಂದ ಹೊರಗೆ ಬರುವುದಕ್ಕೇ ಆಗುವುದಿಲ್ಲ. ಕರಾವಳಿ ಕನ್ನಡ, ಕೆಲವು ಮಾತು ನಮ್ಮಜ್ಜಿಗೆ ತಿಳಿಯಲಿಲ್ಲ, ಆದರೂ ನಕ್ಕರು. ಗೀತಕ್ಕ ಹೇಳಿದ ಸುಳ್ಳಿನ ಲೆಕ್ಕ ಇಲ್ಲೂ ಇದೆ.

ಶಿಡ್ಲಘಟ್ಟ ರೇಷ್ಮೆ:

ಭಾಷೆಯ ತಲೆನೋವೇ ಬೇಡ. ‘ಪುಷ್ಪಕ ವಿಮಾನ’ ಹಾಕಿ, ಅದರಲ್ಲಿ ಮಾತೇ ಇಲ್ಲ. 1987ರದ್ದು, ಸಿಂಗೀತಂ ಶ್ರೀನಿವಾಸ ರಾವ್ ನಿರ್ದೇಶನ, ದುಡ್ಡು ಹಾಕಿದವರು ನಮ್ಮ ಶೃಂಗಾರ್ ನಾಗರಾಜ್, ತೆಗೆದಿದ್ದು ಬೆಂಗಳೂರಿನಲ್ಲಿ. ನಾನು ಸಣ್ಣವನಿದ್ದಾಗ ನಮ್ಮ ನೂಲು ಬಿಚ್ಚುವ ಶೆಡ್ಡಿನಲ್ಲಿ ವಿಸಿಆರ್ ಬಾಡಿಗೆಗೆ ತಂದು ತೋರಿಸಿದ್ದರು. ಅಲ್ಲಿ ಕೆಲಸ ಮಾಡುವವರಲ್ಲಿ ಕನ್ನಡ, ತೆಲುಗು, ಉರ್ದು ಮೂರೂ ಇತ್ತು. ಬೇರೆ ಸಿನಿಮಾ ಆದರೆ ಒಬ್ಬರು ನಕ್ಕ ಮೇಲೆ ಪಕ್ಕದವರು ‘ಏನಂದ, ಏನಂದ’ ಅಂತ ಕೇಳುತ್ತಿದ್ದರು. ಅವತ್ತು ಎಲ್ಲರೂ ಒಟ್ಟಿಗೇ ನಕ್ಕರು.

ಒಂದು ಸೀನ್ ಹೇಳುತ್ತೇನೆ. ಕಮಲ್ ಹಾಸನ್ ಕೆಲಸ ಇಲ್ಲದ ಹುಡುಗ, ಇರುವುದು ಸಿನಿಮಾ ಥಿಯೇಟರಿನ ಪಕ್ಕದ ಹಳೇ ಕಟ್ಟಡದಲ್ಲಿ. ದಿನಾ ರಾತ್ರಿ ಫೈಟಿಂಗ್ ಸದ್ದು ಕೇಳಿಕೊಂಡೇ ಮಲಗಿದವನು. ಶ್ರೀಮಂತನೊಬ್ಬನ ಜಾಗದಲ್ಲಿ ದೊಡ್ಡ ಹೋಟೆಲ್ ಸೇರಿಕೊಂಡ ಮೇಲೆ ಮೆತ್ತನೆ ಹಾಸಿಗೆ, ತಣ್ಣನೆ ಗಾಳಿ, ಒಂದು ಚೂರು ಸದ್ದಿಲ್ಲ. ನಿದ್ದೆ ಮಾತ್ರ ಬರಲ್ಲ. ವಾಪಸ್ ಬಂದು ಆ ಫೈಟಿಂಗ್ ಸದ್ದನ್ನು ಟೇಪಿನಲ್ಲಿ ತುಂಬಿಸಿಕೊಂಡು ಹೋಗಿ ಹಾಕುತ್ತಾನೆ. ಢಿಶುಂ ಢಿಶುಂ ಶುರುವಾದರೆ ಮಗುವಿನ ಹಾಗೆ ನಿದ್ದೆ. ನಮ್ಮ ಶೆಡ್ಡಿನವರಿಗೆ ಇದು ಎಷ್ಟು ನಾಟಿತು ಅಂದರೆ, ಭಾನುವಾರ ಮಿಷನ್ ನಿಂತರೆ ಮಧ್ಯಾಹ್ನ ನಿದ್ದೆ ಬರಲ್ಲ ಅನ್ನುವವರು ಅಲ್ಲೇ ನಾಲ್ಕು ಜನ ಇದ್ದರು.

ಇನ್ನೊಂದು ಕಡೆ ಭಿಕ್ಷುಕನಿಗೆ ಇವನು ಜಂಬದಿಂದ ಒಂದು ನಾಣ್ಯ ತೋರಿಸುತ್ತಾನೆ, ಅವನು ತನ್ನ ಹತ್ತಿರ ಇರುವ ನೋಟು ತೋರಿಸುತ್ತಾನೆ. ಅದಕ್ಕೆ ನಕ್ಕಿರುತ್ತೇವೆ. ಆಮೇಲೆ ಆ ಭಿಕ್ಷುಕ ಸಾಯುವ ಸೀನ್ ಬಂದಾಗ ಶೆಡ್ಡಿನಲ್ಲಿ ಯಾರೂ ಉಸಿರೆತ್ತಲಿಲ್ಲ.

ತುರುವೇಕೆರೆ ಮಂಜ:

‘ಎದ್ದೇಳು ಮಂಜುನಾಥ’, 2009. ನನ್ನ ಹೆಸರಿದೆ ಅಂತ ಹೇಳುತ್ತಿಲ್ಲ. ಗುರುಪ್ರಸಾದ್ ಬರೆದ ಮಾತು, ಹೇಳುವವರು ನಮ್ಮ ಮಾಯಸಂದ್ರದ ಜಗ್ಗೇಶ್. ಸೋಮಾರಿ ಅಂದರೆ ಸೋಮಾರಿ, ಬದಲಾಗುವ ಆಸೆಯೇ ಇಲ್ಲದ ಆಸಾಮಿ. ಜೊತೆಗೆ ಕಣ್ಣು ಕಾಣದವನ ಪಾತ್ರದಲ್ಲಿ ತಬಲಾ ನಾಣಿ. ಕೆಲಸ ತಪ್ಪಿಸಿಕೊಳ್ಳುವುದಕ್ಕೆ ಆ ಮನುಷ್ಯ ಪಡುವ ಶ್ರಮ ನೋಡಿದರೆ ಕೆಲಸವೇ ಸುಲಭ ಅನ್ನಿಸುತ್ತದೆ. ನಮ್ಮೂರ ಅರಳಿಕಟ್ಟೆಯಲ್ಲಿ ಇಂಥವರು ಆರು ಜನ ಸಿಗುತ್ತಾರೆ, ಒಬ್ಬ ನಾನೇ. ಆದರೆ ಕೆಲವು ಮಾತು ಅಜ್ಜಿಯರ ಮುಂದೆ ಆಗಲ್ಲ. ಅವರು ಮಲಗಿದ ಮೇಲೆ ಎರಡನೇ ಆಟಕ್ಕೆ ಇಟ್ಟುಕೊಳ್ಳಿ.

ಶಿರಾಗೇಟ್ ಸೀನ:

ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ರಾತ್ರಿ ಹಾಕಿದ್ದಾಯ್ತು, ‘ಗಣೇಶನ ಮದುವೆ’ಯೇ. ತಿಪಟೂರಿನ ಸಾರ್ ಬೇಜಾರು ಮಾಡಿಕೊಳ್ಳಬೇಡಿ.

ಜನ ಕೂತರು. ಪಕ್ಕದ ಬೀದಿಯವರೂ ಬಂದು ಗೋಡೆ ಮೇಲೆ ಕೂತರು. ಮುಕ್ಕಾಲು ಗಂಟೆ ಚೆನ್ನಾಗಿ ಓಡಿತು, ಅಷ್ಟರಲ್ಲಿ ಕರೆಂಟ್ ಹೋಯಿತು. ಇನ್ನೇನು ಎಲ್ಲರೂ ಏಳುತ್ತಾರೆ ಅಂದುಕೊಂಡೆ. ಮುಂದಿನ ಸಾಲಿನಲ್ಲಿ ನಮ್ಮ ಎದುರು ಮನೆ ಅಜ್ಜಿ ಇದ್ದರು, ಕತ್ತಲಲ್ಲೇ ‘ಈಗ ಏನಾಗುತ್ತೆ ಗೊತ್ತಾ’ ಅಂತ ಶುರು ಮಾಡಿಬಿಟ್ಟರು. ಸಿನಿಮಾದಲ್ಲಿ ಇರುವುದು ಅರ್ಧ, ಅವರೇ ಸೇರಿಸಿದ್ದು ಅರ್ಧ. ವಠಾರದ ಓನರ್ ಮಾತು ಬಂದಾಗಲೆಲ್ಲ ನಮ್ಮ ಬೀದಿಯ ಓನರ್ ಒಬ್ಬರ ಧಾಟಿಯಲ್ಲೇ ಹೇಳುತ್ತಿದ್ದರು, ಅದೇ ಗಂಟಲು, ಅದೇ ‘ನೋಡಿ ಇವ್ರೇ’. ಅವರು ಮೂರನೇ ಸಾಲಿನಲ್ಲೇ ಕೂತಿದ್ದರು. ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಾರೆ, ಪುಣ್ಯಕ್ಕೆ ಯಾರ ಮುಖವೂ ಯಾರಿಗೂ ಕಾಣುತ್ತಿರಲಿಲ್ಲ. ಓನರ್ ಕೂಡ ನಗುತ್ತಿದ್ದರು ಅಂತ ಪಕ್ಕದಲ್ಲಿದ್ದವರು ಹೇಳಿದರು, ಯಾರ ಧಾಟಿ ಅಂತ ಅವರಿಗೆ ಹೊಳೆದಿರಲಿಲ್ಲ.

ಕರೆಂಟ್ ಬರುವಾಗ ಹನ್ನೊಂದೂವರೆ, ಅಷ್ಟು ಹೊತ್ತಿಗೆ ಮೈಕ್ ಹಾಕುವ ಹಾಗಿಲ್ಲ. ಉಳಿದಿದ್ದು ಭಾನುವಾರಕ್ಕೆ. ಪ್ರೊಜೆಕ್ಟರಿನವನು ಬಾಡಿಗೆ ಅರ್ಧ ಸಾಕು ಅಂದಿದ್ದಾನೆ. ಅವನಿಗೂ ಮಿಕ್ಕಿದ್ದು ನೋಡಬೇಕಂತೆ.