ದೊಡ್ಡ ಫೋಟೊ ಪುಟದಲ್ಲಿ ನಿಲ್ಲುತ್ತಿಲ್ಲ, ನೀವು ಏನು ಮಾಡುತ್ತೀರಿ?

ಹೊಸನಗರದಿಂದ:
ನಮ್ಮೂರ ಶಾಲೆಗೆ ಐವತ್ತು ತುಂಬುತ್ತಿದೆ. ಸ್ಮರಣ ಸಂಚಿಕೆಯ ಕೆಲಸ ನನ್ನ ತಲೆಗೆ ಕಟ್ಟಿದ್ದಾರೆ. ಎ4 ಪುಟ, ವರ್ಡ್‌ನಲ್ಲೇ ಮಾಡುತ್ತಿದ್ದೇನೆ. ಮಳೆಗಾಲದ ಜೋಗದ ಉದ್ದನೆ ಫೋಟೊ, ಕೆಳದಿ ದೇವಸ್ಥಾನದ ಗಂಡಭೇರುಂಡ, ಹಳೇ ಬ್ಯಾಚಿನ ಅಗಲ ಗ್ರೂಪ್ ಫೋಟೊ ಇವೆ. ಹಿಂದೆಲ್ಲೋ ಒಂದು ಸಾಲು ಸೇರಿಸಿದರೆ ಸಾಕು, ಫೋಟೊ ಮುಂದಿನ ಪುಟಕ್ಕೆ ಹಾರುತ್ತದೆ. ಅರ್ಧ ಪುಟ ಖಾಲಿ. ಯಾರಾದರೂ ದಾರಿ ಹೇಳಿ.

ಸಾಗರದಿಂದ:
ಮೌಸ್‌ನಲ್ಲಿ ಎಳೆದು ಕೂರಿಸಬೇಡಿ ಮಾರಾಯ್ರೆ. ನಮ್ಮ ಯಕ್ಷಗಾನ ಸಂಘದ ಪುಸ್ತಕದಲ್ಲಿ ಹಾಗೇ ಮಾಡಿದ್ದೆ. ಮೂರನೇ ಪುಟದಲ್ಲಿ ದಾನಿಯೊಬ್ಬರ ಹೆಸರು ಬಿಟ್ಟುಹೋಗಿತ್ತು, ಸೇರಿಸಿದೆ. ಭಾಗವತರ ಮುಖದ ಮೇಲೆ ಅಡಿಕೆ ಮಂಡಿಯ ಜಾಹೀರಾತು ಬಂದು ಕೂತಿತು!
ಫೋಟೊಗೆ 'ಇನ್ ಲೈನ್ ವಿತ್ ಟೆಕ್ಸ್ಟ್' ಕೊಡಿ. ಆಗ ಅದು ಒಂದು ದೊಡ್ಡ ಅಕ್ಷರದ ಹಾಗೆ ಸಾಲಿನಲ್ಲೇ ಇರುತ್ತದೆ. ಅದಕ್ಕೇ ಒಂದು ಪ್ಯಾರಾ ಬಿಡಿ. ಆ ಪ್ಯಾರಾಕ್ಕೆ 'ಕೀಪ್ ವಿತ್ ನೆಕ್ಸ್ಟ್' ಹಾಕಿದರೆ ಕೆಳಗಿನ ಶೀರ್ಷಿಕೆ ಬೇರೆ ಪುಟಕ್ಕೆ ಹೋಗುವುದಿಲ್ಲ.

ತೀರ್ಥಹಳ್ಳಿಯಿಂದ, ಡಿಟಿಪಿ ಅಂಗಡಿ:
ಸಣ್ಣ ಫೋಟೊಗೆ ಸಾಗರದವರು ಹೇಳಿದ್ದು ಸರಿ. ದೊಡ್ಡದಕ್ಕೆ ನಾನು ಒಪ್ಪುವುದಿಲ್ಲ. ಉಳಿದ ಜಾಗದಲ್ಲಿ ಹಿಡಿಸದಿದ್ದರೆ ಅದು ಮುಂದಿನ ಪುಟಕ್ಕೇ ಹೋಗುತ್ತದೆ, ನಿಮ್ಮ ಖಾಲಿ ಜಾಗ ಖಾಲಿಯೇ. 'ಟಾಪ್ ಅಂಡ್ ಬಾಟಮ್' ಕೊಟ್ಟು, ಪೊಸಿಷನ್‌ನಲ್ಲಿ ಮಾರ್ಜಿನ್‌ಗೆ ಹೊಂದಿಸಿ ಪುಟದ ತಲೆಗೆ ಕೂರಿಸಿ. ಬರಹ ಕೆಳಗೆ ಹರಿಯುತ್ತದೆ. ಫೋಟೊ ಯಾವ ಪ್ಯಾರಾಕ್ಕೆ ಅಂಟಿಕೊಂಡಿದೆ ಎಂದು ತೋರಿಸುವ ಆ್ಯಂಕರ್ (ಲಂಗರು) ಗುರುತು ಯಾವ ಪ್ಯಾರಾದಲ್ಲಿದೆಯೋ ಆ ಪುಟದಲ್ಲೇ ಫೋಟೊ ಇರುತ್ತದೆ, ಅದನ್ನು ನೋಡಿಕೊಳ್ಳಿ. ಇದೆಲ್ಲ ಪ್ರೂಫ್ ಮುಗಿದ ಮೇಲೆ.
ಜೋಗ 253 ಮೀಟರ್ ಇರಬಹುದು, ಆದರೆ ಎ4ನಲ್ಲಿ ಒಂದಿಂಚು ಮಾರ್ಜಿನ್ ಬಿಟ್ಟರೆ ಸಿಗುವುದು 24.6 ಸೆಂ.ಮೀ. ಎತ್ತರ. 22ಕ್ಕೆ ಇಳಿಸಿ, ಶೀರ್ಷಿಕೆಗೂ ಜಾಗ ಬೇಕಲ್ವಾ.
ಗ್ರೂಪ್ ಫೋಟೊಗೆ ಹಿಂದೆ ಮುಂದೆ 'ಸೆಕ್ಷನ್ ಬ್ರೇಕ್, ನೆಕ್ಸ್ಟ್ ಪೇಜ್' ಹಾಕಿ, ಆ ಒಂದು ಪುಟವನ್ನಷ್ಟೇ ಅಡ್ಡ ಮಾಡಿ.

ಶಿವಮೊಗ್ಗದಿಂದ:
ಫೋಟೊ ತೆಳು ಪಟ್ಟಿಯ ಹಾಗೆ ಒಂದು ಚೂರು ಮಾತ್ರ ಕಾಣುತ್ತಿದ್ದರೆ ಲೈನ್ ಸ್ಪೇಸಿಂಗ್ ನೋಡಿ. 'ಎಕ್ಸಾಕ್ಟ್ಲಿ' ಅಂತಿದ್ದರೆ 'ಸಿಂಗಲ್' ಮಾಡಿ. ಇದೊಂದಕ್ಕೆ ನಾನು ಒಂದು ರಾತ್ರಿ ಕಳೆದಿದ್ದೇನೆ, ನಡುವೆ ಎರಡು ಸಲ ಕರೆಂಟೂ ಹೋಯಿತು.
ಇನ್ನೊಂದು. ಪುಟದಗಲದ ಫೋಟೊ ಪ್ರೆಸ್‌ನಲ್ಲಿ ಚೆನ್ನಾಗಿ ಬರಲು 300 ಡಿಪಿಐ (ಇಂಚಿಗೆ 300 ಚುಕ್ಕಿ) ಲೆಕ್ಕದಲ್ಲಿ ಸುಮಾರು 1,900 ಪಿಕ್ಸೆಲ್ ಅಗಲ ಬೇಕು. ವಾಟ್ಸಾಪ್‌ನಲ್ಲಿ ಬಂದದ್ದು ಕುಗ್ಗಿರುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ.

ಹೊಸನಗರದಿಂದ:
ಜೋಗ ನಿಂತಿತು! ಗ್ರೂಪ್ ಫೋಟೊವೂ ಅಡ್ಡ ಪುಟದಲ್ಲಿ ಸರಿಯಾಗಿ ಕೂತಿದೆ, ಮೇಷ್ಟ್ರ ಕೊಡೆಯೂ ಕಾಣುತ್ತದೆ. ಗಂಡಭೇರುಂಡದ್ದು ಮಾತ್ರ ವಾಟ್ಸಾಪ್‌ನಲ್ಲಿ ಬಂದದ್ದು, ನೋಡಿದರೆ ಬರೀ 720 ಪಿಕ್ಸೆಲ್. ಮಳೆ ಸ್ವಲ್ಪ ಹೊಳವಾದರೆ ಭಾನುವಾರ ಕೆಳದಿಗೆ ಹೋಗಿ ಬರುತ್ತೇನೆ.